ಕಂಪ್ಯೂಟರ್ ಏಳುವಷ್ಟರಲ್ಲಿ

ನಮ್ಮ ಮನೆಯ ಕಂಪ್ಯೂಟರು ಚಿಟಿಕೆ ಹೊಡೆಯುವಷ್ಟರಲ್ಲಿ ಎದ್ದು ನಿಲ್ಲುವಂತೆ ಮಾಡಿಯೇ ತೀರುತ್ತೇನೆಂದು ನಾನು ಪ್ರತಿಜ್ಞೆ ಮಾಡಿದ್ದು ಈ ಬೇಸಿಗೆ ರಜೆಯಲ್ಲಿ. ನಾನು ಹೈಸ್ಕೂಲಿನ ಭೂಗೋಳದ ಮೇಷ್ಟ್ರು. ಭೂಮಿ ತನ್ನ ಸುತ್ತ ತಾನು ತಿರುಗುವ ಸಂಗತಿಯನ್ನು ಗ್ಲೋಬು ತಿರುಗಿಸಿ ಮಕ್ಕಳಿಗೆ ತೋರಿಸುವವನು. ಅಂಥವನ ಮನೆಯಲ್ಲೇ ಒಂದು ಯಂತ್ರ ಭೂಮಿಗಿಂತ ಸಾವಕಾಶವಾಗಿ ತಿರುಗುತ್ತ ಕೂತರೆ ಮರ್ಯಾದೆ ಎಲ್ಲಿ ಉಳಿಯಬೇಕು?

ಕಂಪ್ಯೂಟರು ನನ್ನದಲ್ಲ, ನನ್ನ ಹೆಂಡತಿ ಹೇಮಾಳದು. ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಆಕೆ ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ಗೃಹಪ್ರವೇಶದ ಕಾರ್ಡುಗಳನ್ನು ಟೈಪು ಮಾಡಿ, ಸುತ್ತ ಬಳ್ಳಿ ಹಬ್ಬಿಸಿ, ಮೂಲೆಗೊಂದು ನವಿಲು ಕೂರಿಸಿ ಕೊಡುತ್ತಾಳೆ. ಅಚ್ಚಾಗುವುದು ಸಿರುಗುಪ್ಪದ ಉಚ್ಚಂಗೆಪ್ಪನವರ ಪ್ರೆಸ್ಸಿನಲ್ಲಿ. ಮದುವೆಗೆ ಮುಂಚೆ ಆಕೆ ಕೆಲಸ ಕಲಿತದ್ದೂ ಅವರ ಹತ್ತಿರವೇ. ಅಂದಿನಿಂದ ಅವರು ಆಕೆಗೆ ಅಣ್ಣ, ಆಕೆ ಅವರಿಗೆ ತಂಗಿ.

ಬೆಳಿಗ್ಗೆ ಎದ್ದವಳೇ ಹೇಮಾ ಕಂಪ್ಯೂಟರಿನ ಗುಂಡಿ ಒತ್ತುತ್ತಾಳೆ. ಅದು ಒಂದು ಸಲ ಗೊರ್ ಎಂದು ಮಗ್ಗುಲು ಬದಲಿಸುತ್ತದೆ. ಆಮೇಲೆ ಪರದೆಯ ಮೇಲೆ ಬಿಳಿ ಚುಕ್ಕೆಗಳು ಒಂದರ ಹಿಂದೊಂದು ಪ್ರದಕ್ಷಿಣೆ ಹಾಕುತ್ತ ಹೋಗುತ್ತವೆ. ಅವು ಯಾವ ಹರಕೆ ಹೊತ್ತಿವೆಯೋ, ಬೇಗ ಮುಗಿಯುವುದಿಲ್ಲ. ಅಷ್ಟರಲ್ಲಿ ಹೇಮಾ ಎರಡು ಲೋಟ ಚಹಾ ಹಿಡಿದು ಹೊರಗೆ ಬಂದು, ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ನನ್ನ ಪಕ್ಕ ಕೂಡುತ್ತಾಳೆ. ಕೂತು ರಾತ್ರಿ ಬಿದ್ದ ಕನಸು ಹೇಳುತ್ತಾಳೆ. ಆಕೆಗೆ ದಿನಾ ಕನಸು ಬೀಳುತ್ತದೆ, ಮತ್ತೆ ದಿನಾ ನೆನಪೂ ಇರುತ್ತದೆ.

"ಇವತ್ತು ಬಳ್ಳಾರಿ ಗುಡ್ಡ ನಮ್ಮ ಬಾಗಲಿಗಿ ಬಂದಿತ್ರಿ. ಬಿಸಲಾಗ ಕುಂತು ಕುಂತು ಸಾಕಾಗೇತಿ, ಒಂದು ತಂಬಿಗಿ ನೀರು ಕೊಡವಾ ಅಂತು."

"ಕೊಟ್ಟಿಯೇನು?"

"ಕೊಟ್ಟೆ. ನಿಂತಲ್ಲೇ ಗಟಗಟ ಕುಡದು ಹೊಳ್ಳಿ ಹೋತು. ಹೋಗೂವಾಗ ನೋಡಿದ್ರ ಮ್ಯಾಲಿನ ಕೋಟಿ ಒಂದೀಟು ಸೊಟ್ಟ ಆಗಿತ್ತು, ಟೊಪ್ಪಿಗಿ ಜಾರಿದಂಗ."

ನಾನು ಹೂಂಗುಟ್ಟುತ್ತಿದ್ದೆ, ನಿಜ. ಆದರೆ ನನ್ನ ಕಣ್ಣು ಒಳಗಿನ ಪರದೆಯ ಮೇಲೆ. "ಎದ್ದಿತೇನು?" ಎಂದು ನಡುನಡುವೆ ಕೇಳುತ್ತಿದ್ದೆ.

"ಇನ್ನಾ ಆಕಳಿಸಾಕ ಹತ್ತೈತ್ರಿ" ಎಂದು ಆಕೆ ಚಹಾ ಹೀರುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಬಾದನಹಟ್ಟಿಯ ರೈತ ಮೈಲಾರಪ್ಪ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ಮಗಳು ಕಾವೇರಿ, ಹುಡುಗ ಸಿರುಗುಪ್ಪದ ಸುಭಾಷ. ಕಂಪ್ಯೂಟರು ಇನ್ನೂ ಪ್ರದಕ್ಷಿಣೆಯಲ್ಲಿತ್ತು. ಮೈಲಾರಪ್ಪ ಕಟ್ಟೆಯ ಮೇಲೆ ಕೂತರು, ಚಹಾ ಕುಡಿದರು, ಬೇವಿನ ಗಾಳಿಗೆ ಕೂತಲ್ಲೇ ತೂಕಡಿಸಿ ಒಂದು ನಿದ್ದೆ ತೆಗೆದರು. ಎಚ್ಚರಾದ ಮೇಲೆ ಒಳಗೆ ಇಣುಕಿ, ಯಾವ ಕುಹಕವೂ ಇಲ್ಲದೆ ಹೇಳಿದರು:

"ಮಾಸ್ತರ, ನಮ್ಮನ್ಯಾಗ ಒಂದು ಮುದಿ ಎಮ್ಮಿ ಐತ್ರಿ. ಅದನ್ನೂ ಹಿಂಗ ಕಾಯಬೇಕು. ಆದ್ರ ಅದು ಇದಕ್ಕಿಂತ ಲಗೂ ಏಳ್ತೈತಿ ನೋಡ್ರಿ."

ಹೇಮಾ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ನಗು ಬರಲಿಲ್ಲ. ಮೈಲಾರಪ್ಪ ಅತ್ತ ಹೋದ ಕೂಡಲೇ ನಾನು ಎದ್ದು ನಿಂತು ಆ ಪ್ರತಿಜ್ಞೆ ಮಾಡಿದೆ.

"ಅದರ ಪಾಡಿಗೆ ಅದು ಏಳ್ಲಿ ಬಿಡ್ರಿ" ಅಂದಳು ಹೇಮಾ. "ನನಗೇನು ಅವಸರಿಲ್ಲ."

"ನಿನಗಿಲ್ಲ. ಜಗತ್ತಿಗೈತಿ."

"ಜಗತ್ತಿನ ಕಂಪ್ಯೂಟರು ನೀವು ರಿಪೇರಿ ಮಾಡ್ರಿ. ಇದನ್ನ ಬಿಡ್ರಿ."

ಕೆಲವು ದಿನ ಬಿಟ್ಟು ಆಕೆಯ ತಂಗಿಯ ಕೂಸಿನ ತೊಟ್ಟಿಲು ಶಾಸ್ತ್ರ ಬಂತು, ಕುರುಗೋಡಿನಲ್ಲಿ. ಮೈಲಾರಪ್ಪನವರ ಪತ್ರಿಕೆಯನ್ನು ಅಂದಗೊಳಿಸಿ ಮುಗಿಸಿಟ್ಟು ಹೇಮಾ ಹೊರಟಳು. ಹೋಗುವಾಗ ಬಾಗಿಲಲ್ಲಿ ನಿಂತು, "ಸಂಜಿಗಿ ಬರ್ತೀನಿ. ರೊಟ್ಟಿ ಐತಿ, ಶೇಂಗಾ ಚಟ್ನಿ ಐತಿ, ಮಸರು ಐತಿ. ಉಂಡು ಮಲಕ್ಕೋರಿ. ಆ ಡಬ್ಬಿ ತಂಟಿಗಿ ಮಾತ್ರ ಹೋಗಬ್ಯಾಡ್ರಿ" ಅಂದಳು. ಪರದೆಯ ಪಕ್ಕ ನಿಲ್ಲಿಸಿದ ಕರೀ ಡಬ್ಬಿಯೇ ಕಂಪ್ಯೂಟರಿನ ಜೀವ ಎಂಬುದು ನನಗೂ ಗೊತ್ತಿತ್ತು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಒಪ್ಪಿಗೆಯ ಲಕ್ಷಣ ಎಂದು ಯಾರು ಹೇಳಿದ್ದಾರೆ?

ಬಳ್ಳಾರಿಯ ಬೇಸಿಗೆ ಮಧ್ಯಾಹ್ನ ಹೇಗಿರುತ್ತದೆಂದರೆ, ಬೀದಿಯಲ್ಲಿ ಒಂದು ನಾಯಿಯೂ ಇರುವುದಿಲ್ಲ. ಬಿಸಿಲೊಂದೇ ಮನೆಮನೆಯ ಬಾಗಿಲು ನೋಡುತ್ತ ಓಡಾಡುತ್ತಿರುತ್ತದೆ. ಕೂಲರಿನ ಒದ್ದೆ ಗಾಳಿಗೆ ಮುಖವೊಡ್ಡಿ, ಮೊಬೈಲಿನಲ್ಲಿ ಒಂದು ವಿಡಿಯೋ ಹಚ್ಚಿಕೊಂಡು ನಾನು ಡಬ್ಬಿಯ ಮುಂದೆ ಕೂತೆ. ವಿಡಿಯೋದ ಯುವಕ ಉಸಿರು ಬಿಡದೆ ಹೇಳಿದ: ನಿಮ್ಮ ಕಂಪ್ಯೂಟರು ಸೋಮಾರಿಯಲ್ಲ. ಅದರ ಜತೆ ಎಷ್ಟೋ ಪ್ರೋಗ್ರಾಮುಗಳು ತಾವೂ ಏಳುತ್ತೇವೆಂದು ಹಟ ಹಿಡಿದಿವೆ. ಅವನ್ನೆಲ್ಲ ಕಳಿಸಿಬಿಡಿ.

ಪಟ್ಟಿ ತೆರೆದು ನೋಡಿದೆ. ಹೌದು, ಒಂದು ಛತ್ರಕ್ಕಾಗುವಷ್ಟು ಜನ. ಮದುವೆ ಮುಗಿದರೂ ಊರಿಗೆ ಹೋಗದ ನೆಂಟರಂತೆ ಸಾಲಾಗಿ ಮಲಗಿದ್ದಾರೆ. ನಾನು ದರ್ಬಾರಿನಲ್ಲಿ ಕೂತ ದೊರೆಯಂತೆ ಒಬ್ಬೊಬ್ಬರನ್ನೇ ವಿಚಾರಿಸಿದೆ. ನೀನಾರು? ಹೆಸರು ತಿಳಿಯುತ್ತಿಲ್ಲ, ನಡಿ. ನೀನೋ? ನಿನ್ನ ಹೆಸರಿನಲ್ಲಿ ಬರೀ ಅಂಕಿಗಳೇ ಇವೆ, ನೀನೂ ನಡಿ. ನನಗೆ ಗೊತ್ತಿಲ್ಲದವನಿಗೆ ನನ್ನ ಮನೆಯಲ್ಲಿ ಏನು ಕೆಲಸ? ಒಂದೊಂದು ಗುಂಡಿ ಒತ್ತಿದಾಗಲೂ ಹೊಟ್ಟೆಯಲ್ಲಿ ತಣ್ಣಗಾಗುತ್ತಿತ್ತು, ಮಜ್ಜಿಗೆ ಕುಡಿದಂತೆ.

ಯುವಕ ಇನ್ನೂ ಮುಂದೆ ಹೋದ. ಅಕ್ಷರದ ಫಾಂಟುಗಳು ಹೆಚ್ಚಾದರೂ ಕಂಪ್ಯೂಟರಿಗೆ ಭಾರವಂತೆ. ಆ ಗೂಡನ್ನೂ ತೆರೆದೆ. ಒಳಗೆ ಇಂಗ್ಲಿಷಿನವು ಚಂದಾಗಿ, ಓದಲು ಬರುವಂತೆ ನಿಂತಿದ್ದವು. ಉಳಿದವಕ್ಕೆ ಚಿತ್ರವಿಚಿತ್ರ ಹೆಸರು, ತೆರೆದರೆ ಅಕ್ಷರಗಳ ಚೂರು ಕಲಸಿಟ್ಟಂಥ ಅರ್ಥವಿಲ್ಲದ ಗೀಚು. ವೈರಸ್ಸು ಎಂದರೆ ಇದೇ ಇರಬೇಕು ಅನ್ನಿಸಿತು. ಎಲ್ಲವನ್ನೂ ಒಟ್ಟಿಗೆ ಹಿಡಿದು ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಖಾಲಿ ಮಾಡಿದೆ. ಅರ್ಧ ಕೆಲಸ ಮಾಡುವವನು ನಾನಲ್ಲ.

ಆಮೇಲೆ ಡಬ್ಬಿಯನ್ನು ಆರಿಸಿ ಮತ್ತೆ ಗುಂಡಿ ಒತ್ತಿದೆ. ಏನೆಂದು ಹೇಳಲಿ. ಗೊರ್ ಎನ್ನಲಿಲ್ಲ, ಮಗ್ಗುಲು ಬದಲಿಸಲಿಲ್ಲ. ಚುಕ್ಕೆಗಳು ಅರ್ಧ ಪ್ರದಕ್ಷಿಣೆಯೂ ಹಾಕಲಿಲ್ಲ. ಹೆಡ್‌ಮಾಸ್ಟರು ಬಂದಾಗ ಹಿಂದಿನ ಬೆಂಚಿನವನು ಏಳುವಂತೆ ಥಟ್ಟನೆ ಎದ್ದು ನಿಂತಿತು. ನಂಬಿಕೆ ಬರದೆ ಮತ್ತೆ ಆರಿಸಿದೆ, ಮತ್ತೆ ಹಚ್ಚಿದೆ. ಮತ್ತೆ ಥಟ್ಟನೆ. ಹೀಗೆ ಮಲಗಿಸಿ ಎಬ್ಬಿಸಿ, ಮಲಗಿಸಿ ಎಬ್ಬಿಸಿ, ಕೊನೆಗೆ ನನಗೇ ನಿದ್ದೆ ಬಂತು.

ಗೆಲುವಿನ ನಿದ್ದೆ, ಮೇಲೆ ರೊಟ್ಟಿ ಮೊಸರಿನ ಭಾರ. ಕನಸಿನಲ್ಲಿ ನಮ್ಮ ಮನೆಯಿಂದ ಯಾರೋ ಸಾಲಾಗಿ ಹೊರಗೆ ಹೋಗುತ್ತಿದ್ದರು. ಕಣ್ಣುಜ್ಜಿ ನೋಡಿದರೆ ಅಕ್ಷರಗಳು. ‘ಅ’ ಮುಂದೆ, ‘ಆ’ ಹಿಂದೆ. ಒತ್ತಕ್ಷರಗಳನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಂದಿರು, ತಲೆಕಟ್ಟನ್ನು ಸೆರಗಿನಂತೆ ಹೊದ್ದವರು, ಕೊಂಬು ಊರಿಕೊಂಡು ನಡೆಯುವ ಮುದುಕರು. ಎಲ್ಲರ ಕಾಲ ಕೆಳಗೂ ಕಾದ ನೆಲ, ಆದರೆ ಯಾರೂ ಕಾಲು ಸುಟ್ಟಿತೆನ್ನಲಿಲ್ಲ. ಕೊನೆಯಲ್ಲಿದ್ದ ‘ಳ’ ಹೊಸ್ತಿಲಲ್ಲಿ ನಿಂತು ಹೊರಳಿ ನೋಡಿತು.

"ಎಲ್ಲಿಗಿ ಹೊಂಟ್ರಿ?" ಅಂದೆ.

"ನೀವ ಹೋಗ್ರಿ ಅಂದ್ರೆಲ್ರಿ" ಅಂತು.

ಬಳ್ಳಾರಿಯ ‘ಳ’ ಹೋದರೆ ಊರಿಗೆ ಏನೆಂದು ಕರೆಯಬೇಕು ಎಂದು ಯೋಚಿಸುತ್ತಿರುವಾಗಲೇ ಗೇಟಿನ ಸಪ್ಪಳವಾಯಿತು. ಹೇಮಾ ಬಂದಿದ್ದಳು.

ಕೈಕಾಲು ತೊಳೆದು, ಪತ್ರಿಕೆಯನ್ನು ಇನ್ನೊಮ್ಮೆ ನೋಡಿ ಉಚ್ಚಂಗೆಪ್ಪನವರಿಗೆ ಕಳಿಸುವೆನೆಂದು ಆಕೆ ಗುಂಡಿ ಒತ್ತಿದಳು. ರೂಢಿಯಂತೆ ಚಹಾದ ಲೋಟ ಹಿಡಿದು ಹೊರಗೆ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು. "ಕೂಸಿಗಿ ಏನು ಹೆಸರು ಇಟ್ರು ಗೊತ್ತೇನ್ರಿ" ಎಂದು ಶುರು ಮಾಡಿದ್ದಳು ಅಷ್ಟೇ.

"ಹೇಮಾ, ಒಳಗ ನೋಡು. ಎದ್ದೈತಿ."

ಆಕೆ ನೋಡಿದಳು. ಕೂತವಳು ಮೆಲ್ಲಗೆ ಎದ್ದಳು. ಕೂಸಿನ ಹೆಸರು ಅಲ್ಲೇ ಉಳಿಯಿತು.

"ಅಯ್ಯ, ಎದ್ದ ಬಿಡ್ತಲ್ರಿ" ಅಂದಳು. ಆ ದನಿಯಲ್ಲಿ ನಾನು ನಿರೀಕ್ಷಿಸಿದ ಸಂತೋಷವಿರಲಿಲ್ಲ. ದಣಿದಿದ್ದಾಳೆ, ಅದಕ್ಕೇ ಎಂದುಕೊಂಡೆ.

ಹೇಮಾ ಒಳಗೆ ಹೋಗಿ ಪತ್ರಿಕೆ ತೆರೆದಳು. ನಾನು ಹಿಂದೆ ಹೋಗಿ ನಿಂತೆ. ಬಳ್ಳಿ ಇತ್ತು, ಮೂಲೆಯ ನವಿಲುಗಳಿದ್ದವು. ನಡುವೆ ಕನ್ನಡವಿರಲಿಲ್ಲ. ತಲೆಯ ಮೇಲೆ ‘ಶ್ರೀ’ ಇರಬೇಕಾದ ಕಡೆ ಸಣ್ಣಗೆ ‘2’ ಎಂಬ ಅಂಕಿ, ಪಕ್ಕದಲ್ಲಿ ಒಂದಕ್ಕೊಂದು ಅಂಟಿಕೊಂಡ ಇಂಗ್ಲಿಷಿನ ಜೋಡಕ್ಷರ, ಅದರ ಪಕ್ಕ ನೆತ್ತಿಯ ಮೇಲೆ ಅಲೆ ಹೊತ್ತ ಇನ್ನೊಂದು. ಕೆಳಗೆ ಕಾವೇರಿಯಾಗಲಿ ಸುಭಾಷನಾಗಲಿ, ಯಾರ ಗುರುತೂ ಸಿಗುವಂತಿರಲಿಲ್ಲ.

"ಏನು ಮಾಡಿದ್ರಿ?"

"ಸ್ವಲ್ಪ ಕಸ ತೆಗದೆ."

"ಎಂಥಾ ಕಸ?"

ಹೇಳಿದೆ. ಕೇಳುತ್ತ ಕೇಳುತ್ತ ಆಕೆ ಕುರ್ಚಿಯ ಮೇಲೆ ಕೂತಳು. "ಕನ್ನಡ ಟೈಪು ಮಾಡೂದನ್ನ ಕಳಿಸೀರಿ. ಕನ್ನಡದ ಅಕ್ಷರ ಎಲ್ಲಾ ಕಳಿಸೀರಿ. ಇಂಟರ್‌ನೆಟ್ಟೂ ಹತ್ತವಲ್ದು, ಅದನ್ನ ಹಚ್ಚೂದನ್ನೂ ಕಳಿಸೀರಿ. ಉಳದಿದ್ದು ಏನ್ರಿ ಮತ್ತ?"

"ವೇಗ" ಅಂದೆ. ಆಕೆ ನೋಡಿದ ನೋಟಕ್ಕೆ ಆ ಪದವನ್ನು ವಾಪಸು ನುಂಗಿದೆ.

ಆಕೆ ಉಚ್ಚಂಗೆಪ್ಪನವರಿಗೆ ಫೋನು ಹಚ್ಚಲು ಹೊರಗೆ ಹೋದಳು. ಅಷ್ಟರಲ್ಲಿ ಸರಿಮಾಡಿ ತೋರಿಸೋಣವೆಂದು ನಾನು ಕುರ್ಚಿ ಹಿಡಿದೆ. ಉಳಿದ ಫಾಂಟುಗಳನ್ನೇ ಒಂದೊಂದಾಗಿ ಪತ್ರಿಕೆಗೆ ತೊಡಿಸಿ ನೋಡಿದೆ. ಯಾವುದಾದರೂ ಒಂದು ಕನ್ನಡಕ್ಕೆ ಒಪ್ಪೀತು ಎಂಬ ಆಸೆ. ಕೊನೆಗೊಂದು ಫಾಂಟು ಚಿತ್ರಗಳದ್ದೇ ಬಂತು. ನಾನು ಅದನ್ನು ಕಂಡು ಬೆರಗಾಗಿ ಕೂತಿದ್ದಾಗಲೇ ಹಿಂದಿನಿಂದ ಯಾರೋ ಕೆಮ್ಮಿದರು. ಮೈಲಾರಪ್ಪ. ಜತೆಗೆ ಅವರ ಹೆಂಡತಿ ಕೊಟ್ರಬಸಮ್ಮ. ಬಳ್ಳಾರಿಯಲ್ಲಿ ಮದುವೆ ಸೀರೆ ಕೊಂಡು, ಎರಡೂ ಕೈಯಲ್ಲಿ ಚೀಲ ಹಿಡಿದು, ಊರಿಗೆ ಹೋಗುವ ಮುಂಚೆ ಪತ್ರಿಕೆಯನ್ನು ಕಣ್ಣಾರೆ ನೋಡಲು ಬಂದಿದ್ದರು.

ಕೊಟ್ರಬಸಮ್ಮ ಪರದೆಯ ಹತ್ತಿರ ಬಾಗಿದರು. ಬೀಗರ ಮನೆತನದ ಹೆಸರಿರಬೇಕಾದಲ್ಲಿ ಒಂದು ಕತ್ತರಿ, ಒಂದು ಗಂಟೆ, ಒಂದು ಟೆಲಿಫೋನು ಇದ್ದವು.

"ಮಾಸ್ತರ, ನಮಗ ಓದಾಕ ಬರಂಗಿಲ್ಲ. ಆದ್ರ ಇದು ಗೊತ್ತಾಗ್ತೈತಿ" ಎಂದು ಅವರು ಬೆರಳಿಟ್ಟು ತೋರಿಸಿದರು. "ನಮ್ಮಳಿಯನ ಲಗ್ನಪತ್ರಿಕ್ಯಾಗ ತೆಲಿಬುರುಡಿ ಯಾಕ ಐತಿ?"

ಮೈಲಾರಪ್ಪ ಹೆಂಡತಿಯ ಮುಖ ನೋಡಿದರು, ನಾನು ನೆಲ ನೋಡಿದೆ. ಕೊಟ್ರಬಸಮ್ಮ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರು ಸಿಟ್ಟಾಗಲಿಲ್ಲ, ಹೆದರಿದರು. ಹೊಸ ಸೀರೆಯ ಚೀಲವನ್ನು ಎದೆಗವಚಿಕೊಂಡು, "ನಾಳಿ ಮಧ್ಯಾಹ್ನ ಬೀಗರ ಮುಂದ ಪತ್ರಿಕಿ ಇಡಬೇಕಿತ್ತು" ಎಂದಷ್ಟೇ ಹೇಳಿದರು. ನನ್ನ ಹುಡುಗಾಟಿಕೆ ಅಲ್ಲಿಗೆ ಮುಗಿದಿತ್ತು.

ಹೇಮಾ ಓಡಿಬಂದು ಮೊದಲು ಪರದೆ ಆರಿಸಿದಳು. ಆಮೇಲೆ ಅವರ ಕೈ ಹಿಡಿದಳು. "ಯವ್ವಾ, ಅದು ಪತ್ರಿಕೀ ಅಲ್ಲ. ನಮ್ಮನೇರ ಆಟ. ನಿಮ್ಮ ಪತ್ರಿಕಿ ನಾ ಎಷ್ಟು ಚಂದ ಮಾಡೀನಿ, ಆ ನವಿಲಿನ ಆಣಿ. ನಾಳಿ ನೀವು ಸೀದಾ ಸಿರುಗುಪ್ಪದ ಪ್ರೆಸ್ಸಿಗಿ ಬರ್ರಿ. ಅಲ್ಲೇ ಕೈಯಾಗ ಕೊಡ್ತೀನಿ."

ಉಚ್ಚಂಗೆಪ್ಪನವರು ಫೋನಿನಲ್ಲಿ ಹೇಳಿದ್ದು ಇಷ್ಟು: ಪತ್ರಿಕೆ ಕಳಿಸಲು ಆಗುವುದಿಲ್ಲವೆಂದರೆ ಡಬ್ಬಿಯನ್ನೇ ತನ್ನಿ. ಹೇಗೂ ಅದರೊಳಗೆ ಅಕ್ಷರಗಳನ್ನು ಹೊಸದಾಗಿ ಕೂರಿಸಬೇಕು, ಆ ಹಳೆಯ ಸಿಡಿ ಇರುವುದು ನನ್ನ ಕಪಾಟಿನಲ್ಲಿ.

ಮರುದಿನ ಬೆಳಿಗ್ಗೆ ಡಬ್ಬಿಯನ್ನು ಹೇಮಾಳ ಹಳೆಯ ಇಳಕಲ್ಲು ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ನಾನು ಸಿರುಗುಪ್ಪದ ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಹೇಮಾ. ಮುಂದಿನ ಸೀಟಿನ ಅಜ್ಜಿ ಹೊರಳಿ ಸೀರೆಯ ಗಂಟು ನೋಡಿ, ಕಿಟಕಿಯ ಗಾಜು ಸರಿಸಿ, "ಕೂಸಿಗಿ ಗಾಳಿ ಆಡ್ಲಿ" ಅಂದಳು. "ಎಷ್ಟು ತಿಂಗಳು?"

"ಒಂಬತ್ತು ವರ್ಷ ಆತಬೇ" ಅಂದಳು ಹೇಮಾ.

"ಒಂಬತ್ತು ವರ್ಷದ್ದನ್ನ ಇನ್ನಾ ಎತ್ಕಂಡೀರಲ್ಲವಾ?"

"ಏಳಾಕ ಭಾಳ ಹೊತ್ತು ಮಾಡ್ತಿತ್ತಬೇ. ಇವರು ಔಷಧ ಹಾಕಿದ್ರು. ಈಗ ಲಗೂ ಏಳ್ತೈತಿ, ಮಾತ ಹೋಗ್ಯಾವು."

ಅಜ್ಜಿ ಲೊಚಗುಟ್ಟಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಹೇಮಾ ಸೀರೆಯ ಅಂಚು ಸರಿಸಿ ಡಬ್ಬಿ ತೋರಿಸಿದ ಮೇಲೆ ಇಬ್ಬರೂ ನಗಲು ಶುರು ಮಾಡಿದರು. ತೆಕ್ಕಲಕೋಟೆ ಬಂದು ಅಜ್ಜಿ ಇಳಿಯುವವರೆಗೂ ಆ ನಗು ನಿಲ್ಲಲಿಲ್ಲ.

ಅಲ್ಲಿಂದ ಮುಂದೆ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಕೊಯ್ಲು ಮುಗಿದ ಗದ್ದೆಗಳ ನಡುವೆ, ಒಣಗುವ ಭತ್ತದ ಅಂಚು ತುಳಿಯದಂತೆ ಬಸ್ಸು ನಡೆದು ಹೋಗುವ ಮನುಷ್ಯನಂತೆ ಹೋಗುತ್ತಿತ್ತು. ಕಿಟಕಿಯಿಂದ ಬೆಚ್ಚಗಿನ ಹುಲ್ಲಿನ ವಾಸನೆ. ಹೇಮಾ ಹೊರಗೆ ನೋಡುತ್ತ, ಯಾರಿಗೋ ಹೇಳುವವಳಂತೆ ಹೇಳಿದಳು:

"ರಾತ್ರಿ ಇದ ಬಸ್ಸು ಕನಸಿನಾಗ ಬಂದಿತ್ತು. ನಾವಿಬ್ರೂ ಹೊಂಟಿದ್ವಿ. ಬಸ್ಸು ಭತ್ತದ ಮ್ಯಾಲೇ ಹೊಂಟಿತ್ತು, ನೀರಿನ ಮ್ಯಾಲೆ ತೆಪ್ಪ ಹೋದಂಗ. ಒಂದು ಕಾಳೂ ಒಡೀಲಿಲ್ಲ. ಕಂಡಕ್ಟರ್ ಬಂದು ಎಲ್ಲಿಗಿ ಅಂದ."

"ನಾನೇನಂದೆ?"

"ಎಚ್ಚರಾಗೂತನಾ ಕೊಡಪಾ ಅಂದ್ರಿ. ಅವ ಎರಡು ಟಿಕೀಟು ಹರದು ಕೊಟ್ಟ."

ನಾನು ಆಕೆಯ ಮುಖವನ್ನೇ ನೋಡುತ್ತ ಕೂತಿದ್ದೆ. ಕನಸಿನಲ್ಲಿ ಭತ್ತದ ಬಣ್ಣ ಹೇಗಿತ್ತು, ಡ್ರೈವರು ಯಾರು, ಆಮೇಲೆ ಎಲ್ಲಿ ಇಳಿದೆವು ಎಂದು ಒಂದೊಂದೇ ಕೇಳಿದೆ. ಆಕೆಗೆ ಆಶ್ಚರ್ಯವಾದಂತಿತ್ತು. ಆದರೂ ಎಲ್ಲದಕ್ಕೂ ಉತ್ತರ ಕೊಟ್ಟಳು. ಸಿರುಗುಪ್ಪ ಯಾಕೆ ಇಷ್ಟು ಬೇಗ ಬಂತೋ ತಿಳಿಯಲಿಲ್ಲ.

ಪ್ರೆಸ್ಸಿನಲ್ಲಿ ಮೈಲಾರಪ್ಪ ದಂಪತಿಗಳು ನಮಗಿಂತ ಮುಂಚೆಯೇ ಬಂದು ಕಾಗದದ ರಾಶಿಯ ಪಕ್ಕ ಕೂತಿದ್ದರು. ಉಚ್ಚಂಗೆಪ್ಪನವರು ಕಪಾಟಿನಿಂದ ಸಿಡಿ ತೆಗೆದು, ಪಂಚೆಯ ಚುಂಗಿನಿಂದ ಒರೆಸಿ, ಅಕ್ಷರಗಳನ್ನು ಒಂದೊಂದಾಗಿ ಡಬ್ಬಿಯೊಳಗೆ ಕಳಿಸಿದರು. ನಾನು ಹೊರದಬ್ಬಿದವರನ್ನೆಲ್ಲ ಹೇಮಾ ಹೆಸರು ಹಿಡಿದು ಕರೆದು ಮತ್ತೆ ಒಳಗೆ ಕೂರಿಸಿದಳು. ಆಮೇಲೆ ಡಬ್ಬಿಯನ್ನು ಆರಿಸಿ ಹಚ್ಚಿದರು. ಗೊರ್ ಎಂದಿತು. ಬಿಳಿ ಚುಕ್ಕೆಗಳ ಪ್ರದಕ್ಷಿಣೆ ಶುರುವಾಯಿತು.

ಎಲ್ಲರೂ ಕಾದೆವು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಂತು, ತಿಂದೆವು. ಚಹಾ ಬಂತು, ಕುಡಿದೆವು. ಕೊಟ್ರಬಸಮ್ಮ ಮಾತ್ರ ಏನೂ ಮುಟ್ಟದೆ ಪರದೆಯನ್ನೇ ನೋಡುತ್ತಿದ್ದರು. ಕೊನೆಗೂ ಪತ್ರಿಕೆ ತೆರೆಯಿತು. ನವಿಲುಗಳ ನಡುವೆ ಉದ್ದನೆಯ ‘ಶ್ರೀ’. ಹೇಮಾ ಗಟ್ಟಿಯಾಗಿ ಓದುತ್ತ ಹೋದಳು. ಕಾವೇರಿ, ಸುಭಾಷ, ಎರಡೂ ಕಡೆಯ ಹಿರಿಯರು. ಪ್ರತಿ ಹೆಸರಿಗೂ ಕೊಟ್ರಬಸಮ್ಮ ಹೂಂ ಅನ್ನುತ್ತಿದ್ದರು. ಓದಿ ಮುಗಿದ ಮೇಲೆ ಪರದೆಗೆ ಕೈ ಮುಗಿದು, ತಣ್ಣಗಾಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

ಅತ್ತ ಮಷೀನು ದಡದಡ ಎನ್ನುತ್ತ ಪತ್ರಿಕೆ ಉಗುಳಲು ಶುರು ಮಾಡಿದಾಗ ಉಚ್ಚಂಗೆಪ್ಪನವರು ನನ್ನ ಹತ್ತಿರ ಬಂದರು.

"ಮಾಸ್ತರ, ಲಗೂ ಏಳಬೇಕಂದ್ರ ಇಷ್ಟೆಲ್ಲಾ ಯಾಕ ಮಾಡಾಕ ಹೋದ್ರಿ? ಒಳಗಿನ ಹಳೇ ಡಿಸ್ಕ್ ತೆಗದು ಹೊಸಾದು ಹಾಕಿದ್ರ ಆತು. ಹೋದ ದೀಪಾವಳಿಗೇ ತಂಗೀಗಿ ಹೇಳಿದ್ದೆ. ಡಿಸ್ಕೂ ತರಸಿಟ್ಟೀನಿ. ಆಕೀನೇ ಬ್ಯಾಡಂದ್ಲು."

ನಾನು ಹೇಮಾಳ ಕಡೆ ತಿರುಗಿದೆ. ಆಕೆ ಹಸಿ ಮಸಿಯ ಪತ್ರಿಕೆಯೊಂದನ್ನು ಬೆಳಕಿಗೆ ಹಿಡಿದು ಬಹಳ ಮುತುವರ್ಜಿಯಿಂದ ನೋಡತೊಡಗಿದಳು.

"ಯಾಕ ಬ್ಯಾಡಂದಿ?"

"ಅದು ಲಗೂ ಎದ್ರ ನನಗೇನು ಬಂತ್ರಿ?" ಪತ್ರಿಕೆಯಿಂದ ಕಣ್ಣೆತ್ತದೆ ಅಂದಳು. "ಮುಂಜಾಲಿ ನೀವು ನನ್ನ ಪಕ್ಕ ಕುಂದ್ರೂದು ಅದು ಏಳೂತನ ಅಷ್ಟ. ಅದು ಎದ್ದ ಮ್ಯಾಲೆ ನಾ ಒಳಗ, ನೀವು ಪೇಪರಿನಾಗ."

ಭೂಮಿ ತಿರುಗುವುದನ್ನು ಇಷ್ಟು ವರ್ಷ ಕಲಿಸಿದವನಿಗೆ ತನ್ನ ಮನೆಯ ಕಟ್ಟೆಯ ಮೇಲೆ ಬೆಳಗಾಗುವುದು ಹೇಗೆಂದು ಗೊತ್ತಿರಲಿಲ್ಲ. ಉಚ್ಚಂಗೆಪ್ಪನವರ ಕಡೆ ತಿರುಗಿ ಹೇಳಿದೆ:

"ಆ ಹೊಸಾ ಡಿಸ್ಕ್ ಬ್ಯಾಡ್ರಿ ಅಣ್ಣಾರ. ಆದ್ರ ಒಂದು ಕೇಳ್ತೀನಿ. ಇದನ್ನ ಈಗಿರೂದಕ್ಕಿಂತ ಇನ್ನೊಂದೀಟು ಸಾವಕಾಶ ಮಾಡಾಕ ಬರ್ತೈತೇನು?"

ಉಚ್ಚಂಗೆಪ್ಪನವರು ಕಿವಿ ಕೆರೆದುಕೊಂಡು ನಿಜವಾಗಿಯೂ ಯೋಚಿಸತೊಡಗಿದರು. ಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚುತ್ತಿದ್ದ ಕೊಟ್ರಬಸಮ್ಮ ಬೆರಳು ನಿಲ್ಲಿಸದೆ ಹೇಳಿದರು:

"ಅದಕ್ಯಾಕ ಇವರನ್ನ ಕೇಳ್ತೀರಿ ಮಾಸ್ತರ? ನೀವ ಇನ್ನೊಂದು ಸಲ ಕೈ ಹಾಕ್ರಿ. ಮದುವಿ ಮುಗದ್ರೂ ಏಳಂಗಿಲ್ಲ."